ಪುಟದ ಭಾರ, ಘಟ್ಟದ ದಾರಿ



ಎರಡು ವರ್ಷಗಳ ಹಿಂದಿನ ಮಳೆಗಾಲದ ಮಾತು. ಮೂರು ದಿನಗಳಿಂದ ಬಿಟ್ಟೂಬಿಡದೆ ಮಳೆ ಸುರಿಯುತ್ತಿತ್ತು. ರಾತ್ರಿ ಎಂಟರ ಹೊತ್ತಿಗೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮಗಳನ್ನು ಕರೆದುಕೊಂಡು, ಕೊಡೆಯ ನೀರನ್ನು ಝಾಡಿಸುತ್ತ ನಮ್ಮ ಮನೆಯ ಜಗಲಿ ಹತ್ತಿದ. ಮಗಳು ಪದವಿಪೂರ್ವ ತರಗತಿಯಲ್ಲಿ ಒಳ್ಳೆಯ ಅಂಕ ಪಡೆದವಳು. ವಿದ್ಯಾರ್ಥಿವೇತನವೊಂದಕ್ಕೆ ಅರ್ಜಿ ಹಾಕಲು ಅಂದೇ ಕೊನೆಯ ದಿನ. ಅವರ ಊರು ಘಟ್ಟದ ಅಂಚಿನಲ್ಲಿದೆ. ಅಲ್ಲಿ ಮನೆಯ ಅಂಗಳದ ಒಂದು ಮೂಲೆಯಲ್ಲಿ ಮಾತ್ರ ಫೋನಿನ ಸಂಕೇತ ಸಿಗುತ್ತದೆ, ಅದೂ ಮಳೆಯಿಲ್ಲದಾಗ. ಮೂರು ದಿನ ಅಲ್ಲಿ ಪ್ರಯತ್ನಿಸಿ, ಕೊನೆಗೆ ಪೇಟೆಯಲ್ಲಿರುವ ಮಾಸ್ತರರ ಮನೆಯಲ್ಲಾದರೂ ಆದೀತೆಂದು ಬಂದಿದ್ದರು.

ನಾವು ಮೂವರೂ ಪರದೆಯ ಮುಂದೆ ಕುಳಿತೆವು. ಅರ್ಜಿಯ ಪುಟಕ್ಕೆ ಹೋಗುವ ಮುನ್ನ ಗಣ್ಯರ ಭಾವಚಿತ್ರಗಳು ಒಂದರ ಹಿಂದೊಂದು ಸರಿಯುವ ಪುಟವೊಂದನ್ನು ದಾಟಬೇಕಿತ್ತು. ಅದರ ಮೇಲೆ ಸುದ್ದಿಯ ಪಟ್ಟಿ ಓಡುತ್ತಿತ್ತು. ಕೆಳಗೆ ಒಂದು ಚಲನಚಿತ್ರ ತಾನಾಗಿಯೇ ಆರಂಭವಾಗಲು ಹವಣಿಸುತ್ತಿತ್ತು. ವಿದ್ಯುತ್ತು ಹೋಗಿ ದೂರವಾಣಿಯ ತಂತಿಯೂ ಕೈಕೊಟ್ಟಿದ್ದರಿಂದ ಫೋನಿನ ಸಂಪರ್ಕವೇ ನಮಗೆ ಗತಿ. ಚಕ್ರ ತಿರುಗುತ್ತಲೇ ಇತ್ತು. ಹೆಸರು, ವಿಳಾಸ, ಅಂಕಗಳನ್ನೆಲ್ಲ ತುಂಬಿ ಮುಂದಿನ ಗುಂಡಿ ಒತ್ತುವಷ್ಟರಲ್ಲಿ ‘ನಿಮ್ಮ ಅವಧಿ ಮುಗಿದಿದೆ’ ಎಂಬ ಸಾಲು ಮೂಡಿತು. ಮತ್ತೆ ಮೊದಲಿನಿಂದ. ಹೀಗೆ ನಾಲ್ಕು ಸಲ. ಹನ್ನೆರಡು ಗಂಟೆ ಹೊಡೆದ ಮೇಲೆ ಪುಟ ಬಹಳ ಚೆನ್ನಾಗಿ ತೆರೆದುಕೊಂಡಿತು, ಆದರೆ ಅರ್ಜಿಯ ಗುಂಡಿ ಅಲ್ಲಿರಲಿಲ್ಲ.

ಆ ಹುಡುಗಿ ಅಳಲಿಲ್ಲ. “ನಾನು ಬೇಗ ಬೇಗ ತುಂಬಬೇಕಾಗಿತ್ತು ಅಲ್ಲವೇ ಅಜ್ಜಾ?” ಎಂದು ಕೇಳಿದಳು. ತಪ್ಪು ತನ್ನದೇ ಎಂದು ಅವಳು ತಿಳಿದುಕೊಂಡದ್ದು ನನಗೆ ಅರ್ಜಿ ಹೋಗದಿದ್ದುದಕ್ಕಿಂತ ಹೆಚ್ಚು ಬೇಸರ ತಂದಿತು. ಮೂವತ್ತು ವರ್ಷಕ್ಕೂ ಮಿಕ್ಕಿ ಇತಿಹಾಸ ಕಲಿಸಿದವನು ನಾನು. ಯಾವ ತೊಂದರೆಯೂ ಒಂದೇ ದಿನದಲ್ಲಿ ಹುಟ್ಟುವುದಿಲ್ಲ, ಅದಕ್ಕೊಂದು ಹಿನ್ನೆಲೆ ಇರುತ್ತದೆ ಎಂದು ನಿಮಗೆಲ್ಲ ಹೇಳಿಕೊಟ್ಟವನು. ಆದ್ದರಿಂದ ಈ ತಿರುಗುವ ಚಕ್ರದ ಇತಿಹಾಸವನ್ನು ತಿಳಿಯಬೇಕೆನಿಸಿತು. ತಿಳಿದಷ್ಟನ್ನು ಇಲ್ಲಿ ಬರೆದಿದ್ದೇನೆ.

ಭಾರದ ವಿಚಾರವನ್ನು ನಮ್ಮ ಸೀಮೆಯವರಿಗೆ ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. ಅಮೆರಿಕದ ಅಂತರ್ಯುದ್ಧ (1861–65) ನಡೆಯುತ್ತಿದ್ದಾಗ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಂತು. ಧಾರವಾಡ ಸೀಮೆಯ ಹತ್ತಿಗೆ ಬೆಲೆ ಏರಿತು. ಅದು ಘಟ್ಟವಿಳಿದು ಕುಮಟೆಯ ಬಂದರಿನಿಂದ ಹೋಗುತ್ತಿದ್ದುದರಿಂದ ಪರದೇಶದ ಪೇಟೆಯಲ್ಲಿ ‘ಕುಮಟಾ ಹತ್ತಿ’ ಎಂದೇ ಹೆಸರಾಯಿತು. 1862ರಲ್ಲಿ ನಮ್ಮ ಜಿಲ್ಲೆಯನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದ್ದರ ಹಿಂದೆಯೂ ಈ ಹತ್ತಿಯ ಮತ್ತು ಕಾರವಾರ ಬಂದರಿನ ಲೆಕ್ಕಾಚಾರವಿತ್ತು. ಬಯಲುಸೀಮೆಯಲ್ಲಿ ಸಲೀಸಾಗಿ ಓಡುವ ಗಾಡಿ ಘಟ್ಟದಲ್ಲಿ ಹಾಗೆ ಓಡಲಾರದು. ಕರಾವಳಿಯಿಂದ ಉಪ್ಪು, ತೆಂಗು ಹೇರಿಕೊಂಡು ಮೇಲೇರುವ ಗಾಡಿಗೆ ಒಂದು ಜೋಡಿ ಎತ್ತು ಸಾಲದೆಂದು ನಮ್ಮ ಅಜ್ಜ ಹೇಳುತ್ತಿದ್ದರು. ಇಂದಿಗೂ ಅರಬೈಲು ಘಟ್ಟದಲ್ಲಿ ಬಸ್ಸಿನ ಹಿಂದೆ ಕುಳಿತು ಮುಂದಿನ ಲಾರಿ ಉಬ್ಬಸಪಡುವುದನ್ನು ನೀವೆಲ್ಲ ಕಂಡವರೇ. ಗಾಡಿ ಹೇರುವವನು ಹುಬ್ಬಳ್ಳಿಯಲ್ಲಿರುತ್ತಾನೆ. ಅದರ ಭಾರ ತಿಳಿಯುವುದು ಘಟ್ಟದಲ್ಲಿರುವವನಿಗೆ.

ಸುದ್ದಿಯನ್ನು ಸಾಗಿಸುವುದರಲ್ಲಿಯೂ ಹಿಂದಿನವರಿಗೆ ಈ ಎಚ್ಚರವಿತ್ತು. ತಂತಿಯ ಕಾಲವನ್ನು ನೆನೆಯಿರಿ. ಶಬ್ದಕ್ಕಿಷ್ಟು ಎಂದು ದರವಿದ್ದುದರಿಂದ ಅಳೆದು ಸುರಿದು ಬರೆಯುತ್ತಿದ್ದೆವು. ಹಬ್ಬದ, ಮದುವೆಯ ಶುಭಾಶಯಗಳಿಗೆ ಅಂಚೆಕಛೇರಿಯಲ್ಲಿ ಒಂದು ಪಟ್ಟಿಯೇ ಇರುತ್ತಿತ್ತು. ಪ್ರತಿಯೊಂದು ಒಕ್ಕಣೆಗೂ ಒಂದು ಸಂಖ್ಯೆ. ತಂತಿಯ ಮೇಲೆ ಸಾಗುತ್ತಿದ್ದುದು ಆ ಸಂಖ್ಯೆ ಮಾತ್ರ. ಅತ್ತ ಕಡೆಯ ಕಛೇರಿಯವರು ಪಟ್ಟಿಯನ್ನು ನೋಡಿ ಪೂರ್ಣ ವಾಕ್ಯವನ್ನು ಬರೆದು ಮನೆಗೆ ತಲುಪಿಸುತ್ತಿದ್ದರು. ದಾರಿಯ ಮೇಲೆ ಕಡಿಮೆ ಭಾರ, ತಲುಪಿದ ಮೇಲೆ ಪೂರ್ಣ ಅರ್ಥ. ಆ ಸೇವೆ 2013ರ ಜುಲೈನಲ್ಲಿ ನಿಂತುಹೋಯಿತು. ಆದರೆ ಅದರ ಹಿಂದಿನ ಯುಕ್ತಿಯನ್ನು ಮರೆಯಬೇಡಿ, ಅದು ಕನ್ನಡದ ಕಥೆಯಲ್ಲಿ ಮತ್ತೆ ಬರುತ್ತದೆ.

1991ರಲ್ಲಿ ಸ್ವಿಟ್ಜರ್ಲೆಂಡಿನ ಸರ್ನ್ ಸಂಶೋಧನಾಲಯದಲ್ಲಿದ್ದ ಟಿಮ್ ಬರ್ನರ್ಸ್-ಲೀ ಜಗತ್ತಿಗೆ ತೋರಿಸಿದ ಮೊದಲ ಜಾಲಪುಟದಲ್ಲಿ ಇದ್ದುದು ಅಕ್ಷರ ಮತ್ತು ಕೊಂಡಿಗಳು ಮಾತ್ರ. 1993ರಲ್ಲಿ ಮೊಸಾಯಿಕ್ ಎಂಬ ವೀಕ್ಷಕ ತಂತ್ರಾಂಶವು ಅಕ್ಷರಗಳ ನಡುವೆಯೇ ಚಿತ್ರವನ್ನು ತೋರಿಸಿತು, ಜನ ಮುಗಿಬಿದ್ದರು. 1995ರಲ್ಲಿ ನೆಟ್‌ಸ್ಕೇಪ್ ಸಂಸ್ಥೆಯ ಬ್ರೆಂಡನ್ ಐಕ್ ಎಂಬವರು ಜಾವಾಸ್ಕ್ರಿಪ್ಟ್ ಎಂಬ ಭಾಷೆಯನ್ನು ರೂಪಿಸಿದರು. ಪುಟವು ಅಂದಿನವರೆಗೆ ಓದುವ ವಸ್ತುವಾಗಿತ್ತು. ಅಂದಿನಿಂದ ಅದು ನಮ್ಮ ಯಂತ್ರದೊಳಗೆ ಕುಳಿತು ಕೆಲಸ ಮಾಡುವ ವಸ್ತುವಾಯಿತು.

ಅದೇ 1995ರ ಆಗಸ್ಟ್ 15ರಂದು ಭಾರತದ ಸಾಮಾನ್ಯರಿಗೆ ಅಂತರ್ಜಾಲದ ಬಾಗಿಲು ತೆರೆಯಿತು. ವಿದೇಶ ಸಂಚಾರ ನಿಗಮದವರು ದೂರವಾಣಿಯ ಮೂಲಕ ಕೊಡುತ್ತಿದ್ದ ಆ ಸಂಪರ್ಕದ ವೇಗ ಸೆಕೆಂಡಿಗೆ 9.6 ಕಿಲೋಬಿಟ್. ಎಂಟು ಬಿಟ್ ಸೇರಿದರೆ ಒಂದು ಬೈಟ್ ಆಗುವುದರಿಂದ, ಸೆಕೆಂಡಿಗೆ 1.2 ಕಿಲೋಬೈಟ್ ಎನ್ನಿ. ಅಕ್ಷರವಷ್ಟೇ ಕಾಣುವ ಖಾತೆಗೆ ಒಂದು ದರ, ಚಿತ್ರವೂ ಕಾಣುವ ಖಾತೆಗೆ ಅದಕ್ಕಿಂತ ಬಹಳ ಹೆಚ್ಚಿನ ದರ. ಚಿತ್ರಕ್ಕೆ ಬೆಲೆಯುಂಟೆಂಬುದು ಅಂದು ಎಲ್ಲರಿಗೂ ತಿಳಿದಿತ್ತು. ಮುಂದೆ ಮೋಡೆಮ್ಮುಗಳ ವೇಗ 56 ಕಿಲೋಬಿಟ್‌ಗೆ ಏರಿತು. 2005ರಲ್ಲಿ ಸಂಚಾರ ನಿಗಮದ ಬ್ರಾಡ್‌ಬ್ಯಾಂಡ್ ಬಂದಾಗ 256 ಕಿಲೋಬಿಟ್ ಎಂಬುದೇ ಒಂದು ವೈಭವ.

ಕನ್ನಡದ ಕಷ್ಟ ಬೇರೆಯೇ ಆಗಿತ್ತು. 1996ರಲ್ಲಿ ಡಾ. ಯು. ಬಿ. ಪವನಜರು ‘ವಿಶ್ವಕನ್ನಡ’ವನ್ನು ಆರಂಭಿಸಿದ ಕಾಲದಲ್ಲಿ ಗಣಕಯಂತ್ರಕ್ಕೆ ಕನ್ನಡ ತಾನಾಗಿ ತಿಳಿಯುತ್ತಿರಲಿಲ್ಲ. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂತು. ಮುಂದೆ ಕನ್ನಡ ಗಣಕ ಪರಿಷತ್ತಿನ ‘ನುಡಿ’ ಬಂತು. ಆದರೂ ಒಂದೊಂದು ಜಾಲತಾಣಕ್ಕೆ ಒಂದೊಂದು ಅಕ್ಷರವಿನ್ಯಾಸ. ಅದನ್ನು ಇಳಿಸಿಕೊಳ್ಳದಿದ್ದರೆ ಪುಟದ ತುಂಬ ಅರ್ಥವಿಲ್ಲದ ರೋಮನ್ ಚಿಹ್ನೆಗಳು. ಕೆಲವರು ಬೇಸತ್ತು ಬರಹವನ್ನೇ ಚಿತ್ರವಾಗಿ ಮಾಡಿ ಏರಿಸುತ್ತಿದ್ದರು. ಐದಾರು ಕಿಲೋಬೈಟ್‌ಗಳಲ್ಲಿ ಮುಗಿಯಬೇಕಾದ ಒಂದು ಪುಟದ ಬರಹ, ಚಿತ್ರವಾದಾಗ ಸುಲಭವಾಗಿ ನೂರು ಕಿಲೋಬೈಟ್ ಆಗುತ್ತಿತ್ತು. ಆ ಚಿತ್ರದಲ್ಲಿ ಹುಡುಕುವಂತಿಲ್ಲ, ಕುರುಡರಿಗೆ ಓದಿ ಹೇಳುವ ಯಂತ್ರಕ್ಕೂ ಅದು ಬರಿಯ ಚಿತ್ತಾರ.

ಇದಕ್ಕೆ ಪರಿಹಾರವಾಗಿ ಬಂದುದು ಯೂನಿಕೋಡ್. ಪ್ರತಿಯೊಂದು ಅಕ್ಷರಕ್ಕೂ ಲೋಕಮಾನ್ಯವಾದ ಒಂದು ಸಂಖ್ಯೆ. ದಾರಿಯ ಮೇಲೆ ಸಾಗುವುದು ಸಂಖ್ಯೆ; ಅಕ್ಷರವನ್ನು ಮೂಡಿಸುವ ವಿನ್ಯಾಸ ಓದುಗನ ಯಂತ್ರದಲ್ಲಿಯೇ ಇರುತ್ತದೆ. ತಂತಿಕಛೇರಿಯ ಶುಭಾಶಯದ ಪಟ್ಟಿಯೇ ಇದು! 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ವಿನ್ಯಾಸ ಸೇರಿಕೊಂಡಿತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ಜಾಲದಲ್ಲಿ ರೂಢಿಯಾಗಿರುವ ವಿಧಾನದಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕು. ಇಂಗ್ಲಿಷಿಗೆ ಒಂದೇ ಸಾಕು. ಆದರೂ ನೀವು ಈಗ ಓದುತ್ತಿರುವ ಈ ಇಡೀ ಪ್ರಬಂಧ ಸುಮಾರು ಐವತ್ತು ಕಿಲೋಬೈಟ್ ಆದೀತು. ಹಳೆಯ ಮೋಡೆಮ್ಮಿನಲ್ಲಿಯೂ ಏಳೆಂಟು ಸೆಕೆಂಡಿನ ಕೆಲಸ. ಕನ್ನಡದ ಅಕ್ಷರ ಹಗುರವಾಯಿತೆಂದು ನಾವು ಸಂತೋಷಪಟ್ಟೆವು. ಆದರೆ ಅಕ್ಷರ ಹಗುರವಾಗುತ್ತಿದ್ದ ಅದೇ ವರ್ಷಗಳಲ್ಲಿ ಅದರ ಸುತ್ತಲಿನ ಅಲಂಕಾರ ಭಾರವಾಗತೊಡಗಿತು.

ಇಲ್ಲಿ ನನ್ನದೇ ಒಂದು ತಪ್ಪನ್ನು ಒಪ್ಪಿಕೊಳ್ಳಬೇಕು. 2006ರ ಸುಮಾರಿಗೆ ನಾನಿದ್ದ ಶಾಲೆಗೊಂದು ಜಾಲತಾಣ ಬೇಕೆಂದು ಹಟ ಹಿಡಿದವನು ನಾನೇ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಹಳೆಯ ವಿದ್ಯಾರ್ಥಿಯೊಬ್ಬ ಉಚಿತವಾಗಿ ಮಾಡಿಕೊಡಲು ಒಪ್ಪಿದ. ಅವನು ಮೊದಲು ತೋರಿಸಿದ ಪುಟ ಸರಳವಾಗಿತ್ತು: ಹೆಸರು, ವಿಳಾಸ, ಪರೀಕ್ಷೆಯ ದಿನಾಂಕಗಳು. “ಇಷ್ಟೇ ಏನಯ್ಯಾ?” ಎಂದೆ. ಆಮೇಲೆ ಅವನು ಫ್ಲ್ಯಾಶ್ ತಂತ್ರಾಂಶದಲ್ಲಿ ದೀಪ ಬೆಳಗುವ ದೃಶ್ಯ ಮಾಡಿದ, ಹಿನ್ನೆಲೆಯಲ್ಲಿ ನಾದಸ್ವರ ಸೇರಿಸಿದ, ಶಾಲೆಯ ಹೆಸರು ತಿರುಗುತ್ತ ಬಂದು ನಿಲ್ಲುವಂತೆ ಮಾಡಿದ. ಬೆಂಗಳೂರಿನ ಅವನ ಕಛೇರಿಯಲ್ಲಿ ಅದನ್ನು ನೋಡಿ ನಾನು ಹಿಗ್ಗಿದೆ. ಕೆಲವು ತಿಂಗಳ ನಂತರ ಒಬ್ಬ ಪಾಲಕರು ಬಂದು, ಪೇಟೆಯ ಸೈಬರ್ ಅಂಗಡಿಯಲ್ಲಿ ಅರ್ಧ ಗಂಟೆಯ ಹಣ ತೆತ್ತು ಕುಳಿತರೂ ದೀಪ ಉರಿಯಲಿಲ್ಲ, ಮಗನ ಪರೀಕ್ಷೆಯ ದಿನ ತಿಳಿಯಲಿಲ್ಲ ಎಂದರು. ಅವರು ಕೂಲಿ ಬಿಟ್ಟು ಹನ್ನೆರಡು ಮೈಲಿ ದೂರದಿಂದ ಬಂದಿದ್ದರು. ನಾನು ಏನೋ ಸಮಜಾಯಿಷಿ ಹೇಳಿ ಕಳುಹಿಸಿದೆ. ಫ್ಲ್ಯಾಶ್ ತಂತ್ರಾಂಶ 2020ರ ಡಿಸೆಂಬರ್ 31ರಂದು ಕೊನೆಗೊಂಡಿತು. ನನ್ನ ದೀಪ ಅದಕ್ಕೂ ಎಷ್ಟೋ ಮೊದಲೇ ಆರಿಹೋಗಿತ್ತು. ಅಂದಿನ ಪಾಲಕರ ಮುಖ ಮಾತ್ರ ಮರೆತಿಲ್ಲ. ಅದೇ ಅಂಗಡಿಯಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶದ ಪುಟ ಮಾತ್ರ ತೆರೆಯುತ್ತಿತ್ತು. ನೋಂದಣಿ ಸಂಖ್ಯೆ ಬರೆಯಲು ಒಂದು ಚೌಕ, ಅಂಕಗಳ ಒಂದು ಕೋಷ್ಟಕ, ಅಷ್ಟೇ. ಅದರಲ್ಲಿ ಅಂದವಿಲ್ಲವೆಂದು ಯಾವ ಪಾಲಕರೂ ದೂರಿದ್ದನ್ನು ನಾನು ಕೇಳಿಲ್ಲ.

ನನ್ನಂತಹವರು ಜಗತ್ತಿನ ತುಂಬ ಇದ್ದರೆಂದು ಕಾಣುತ್ತದೆ. ಜಾಲಪುಟಗಳ ಭಾರವನ್ನು 2010ರಿಂದ ಅಳೆಯುತ್ತ ಬಂದಿರುವ ‘ಎಚ್‌ಟಿಟಿಪಿ ಆರ್ಕೈವ್’ ಎಂಬ ದಾಖಲೆಯ ಪ್ರಕಾರ, ಪುಟಗಳನ್ನು ಭಾರದ ಕ್ರಮದಲ್ಲಿ ಸಾಲಾಗಿ ನಿಲ್ಲಿಸಿದರೆ ನಟ್ಟನಡುವೆ ಬರುವ ಪುಟದ ತೂಕ ಆ ವರ್ಷದ ಕೊನೆಯಲ್ಲಿ ಸುಮಾರು 470 ಕಿಲೋಬೈಟ್ ಇತ್ತು. 2024ರಲ್ಲಿ ಮೇಜಿನ ಗಣಕಕ್ಕೆ ಬರುವ ಅಂತಹ ನಡುವಿನ ಪುಟ 2,600 ಕಿಲೋಬೈಟ್‌ಗಳನ್ನು ಮೀರಿತು. ಹದಿನಾಲ್ಕು ವರ್ಷಗಳಲ್ಲಿ ಐದು ಪಟ್ಟಿಗೂ ಹೆಚ್ಚು. ಮೋಡೆಮ್ಮಿನ ಕಾಲದವರು ಅದನ್ನು ತೆರೆಯಲು ಆರು ನಿಮಿಷ ಕಾಯಬೇಕಿತ್ತು. 1995ರ ಮೊದಲ ಗ್ರಾಹಕರಾದರೆ ಮೂವತ್ತಾರು ನಿಮಿಷ. ಒಂದು ಮಾತ್ರೆಯ ಬೆಲೆಯೋ ಬಸ್ಸಿನ ವೇಳೆಯೋ ತಿಳಿಯಲು ಇಷ್ಟೊಂದು ಸಾಮಾನು ಏಕೆ ಬೇಕು?

ಭಾರವೆಲ್ಲ ಒಂದೇ ಬಗೆಯದಲ್ಲ ಎಂಬುದನ್ನೂ ತಿಳಿಯಬೇಕು. ಚಿತ್ರವೊಂದು ಬಂದರೆ ಅದು ಬೇಯಿಸಿದ ಅನ್ನದಂತೆ, ಬಡಿಸಿಕೊಂಡರಾಯಿತು. ಆದರೆ 2005ರ ನಂತರ ಪುಟಗಳು ಹೆಚ್ಚು ಹೆಚ್ಚಾಗಿ ಜಾವಾಸ್ಕ್ರಿಪ್ಟಿನ ಮೇಲೆ ನಿಲ್ಲತೊಡಗಿದವು. ಅಲ್ಲಿ ಬರುವುದು ಅನ್ನವಲ್ಲ, ಭತ್ತ. ನಾವೇ ನಮ್ಮ ಒರಳಿನಲ್ಲಿ ಕುಟ್ಟಿ, ಕೇರಿ, ಬೇಯಿಸಿಕೊಳ್ಳಬೇಕು. ಬೆಂಗಳೂರಿನ ಎಂಜಿನಿಯರರ ಬಳಿ ದೊಡ್ಡ ಗಿರಣಿಯೇ ಇರುತ್ತದೆ, ಕ್ಷಣದಲ್ಲಿ ಅಕ್ಕಿಯಾಗುತ್ತದೆ. ಆರೇಳು ಸಾವಿರ ರೂಪಾಯಿಯ ಫೋನು ಇಟ್ಟುಕೊಂಡವನದು ಮೊಳಕೈ ಉದ್ದದ ಒನಕೆ. ಪುಟ ಪೂರ್ತಿ ಬಂದಿಳಿದ ಮೇಲೂ ಗುಂಡಿ ಒತ್ತಿದರೆ ಅಲುಗದೆ ನಿಲ್ಲುವುದು, ಫೋನು ಬಿಸಿಯಾಗುವುದು ಇದರಿಂದಲೇ. ಇನ್ನೊಂದು ತೊಂದರೆ ಓಡಾಟದ್ದು. ಒಂದು ಪುಟವು ಹತ್ತಾರು ಕಡತಗಳಾಗಿ ಒಡೆದಿರುತ್ತದೆ. ಪೇಟೆಗೆ ಹೋಗಿ ಉಪ್ಪು ತಂದು, ಮನೆಗೆ ಬಂದ ಮೇಲೆ ಮೆಣಸು ಬೇಕೆಂದು ನೆನಪಾಗಿ ಮತ್ತೆ ಪೇಟೆಗೆ ಹೋದಂತೆ. ಪೇಟೆ ಪಕ್ಕದಲ್ಲಿದ್ದರೆ ಚಿಂತೆಯಿಲ್ಲ. ನಮ್ಮದು ಹಳ್ಳ ದಾಟಿ ಹೋಗುವ ದಾರಿ.

ಬಳಸುವವನ ಮನಸ್ಸಿನ ಮೇಲೆ ಇದರ ಪರಿಣಾಮವೇನು? ಜಾಕೋಬ್ ನೀಲ್ಸನ್ ಎಂಬ ತಜ್ಞರು 1993ರಲ್ಲಿಯೇ ಮೂರು ಮಿತಿಗಳನ್ನು ಹೇಳಿದ್ದರು. ಸೆಕೆಂಡಿನ ಹತ್ತನೆಯ ಒಂದು ಭಾಗದಲ್ಲಿ ಉತ್ತರ ಬಂದರೆ ತಕ್ಷಣ ಬಂದಂತೆನಿಸುತ್ತದೆ. ಒಂದು ಸೆಕೆಂಡಿನವರೆಗೆ ಯೋಚನೆಯ ಎಳೆ ಕಡಿಯದು. ಹತ್ತು ಸೆಕೆಂಡು ಮೀರಿದರೆ ಗಮನವೇ ಬೇರೆಡೆಗೆ ಹೋಗುತ್ತದೆ. ತರಗತಿಯಲ್ಲಿ ನಿಂತವರಿಗೆ ಇದು ಅನುಭವದ ಮಾತು. ಮಗುವೊಂದು ಪ್ರಶ್ನೆ ಕೇಳಿದಾಗ ಮಾಸ್ತರನು ಹತ್ತು ಸೆಕೆಂಡು ಕಿಟಕಿಯ ಹೊರಗೆ ನೋಡುತ್ತ ನಿಂತರೆ, ಆ ಮಗು ತನ್ನ ಪ್ರಶ್ನೆಯೇ ತಪ್ಪೆಂದು ತಿಳಿಯುತ್ತದೆ, ಮುಂದೆಂದೂ ಕೇಳುವುದಿಲ್ಲ. ನಮ್ಮ ಜಗಲಿಯಲ್ಲಿ ಕುಳಿತಿದ್ದ ಹುಡುಗಿ ಹೇಳಿದ ಮಾತು ಅದೇ ಅಲ್ಲವೇ?

ಈ ವಿಷಯದಲ್ಲಿ ನಾನು ಓದಿದ ಒಂದು ನಿಜಸಂಗತಿ ನನ್ನನ್ನು ಬಹಳ ಕಾಡಿದೆ. ಯೂಟ್ಯೂಬ್ ಸಂಸ್ಥೆಯಲ್ಲಿ ಎಂಜಿನಿಯರರಾಗಿದ್ದ ಕ್ರಿಸ್ ಜಕರಾಯಸ್ ಎಂಬವರು 2012ರಲ್ಲಿ ಇದನ್ನು ಬರೆದಿಟ್ಟಿದ್ದಾರೆ. ಆಗ ಚಲನಚಿತ್ರ ತೋರಿಸುವ ಅವರ ಪುಟ, ಚಿತ್ರವನ್ನು ಬಿಟ್ಟು, 1.2 ಮೆಗಾಬೈಟ್ ಇತ್ತು. ಅದನ್ನು ಹಗುರಗೊಳಿಸಲು ಹಟತೊಟ್ಟು 98 ಕಿಲೋಬೈಟಿಗೆ ಇಳಿಸಿದರು. ಗರಿ ಎಂಬ ಅರ್ಥದ ‘ಫೆದರ್’ ಎಂಬ ಹೆಸರಿಟ್ಟರು. ಕೆಲವರಿಗೆ ಅದನ್ನು ಕೊಟ್ಟು ನೋಡಿದಾಗ ಸರಾಸರಿ ಕಾಲ ಕಡಿಮೆಯಾಗುವ ಬದಲು ಹೆಚ್ಚಾಗಿಬಿಟ್ಟಿತ್ತು! ಹಗುರವಾದ ಪುಟ ನಿಧಾನವಾದದ್ದು ಹೇಗೆ? ತಲೆ ಕೆಡಿಸಿಕೊಂಡು ಹುಡುಕಿದ ಮೇಲೆ ಉತ್ತರ ಸಿಕ್ಕಿತು. ಆಗ್ನೇಯ ಏಷ್ಯಾ, ದಕ್ಷಿಣ ಅಮೆರಿಕ, ಆಫ್ರಿಕಾ, ಸೈಬೀರಿಯದ ದೂರದೂರದ ಜನ ಹೊಸದಾಗಿ ಬರತೊಡಗಿದ್ದರು. ಹಳೆಯ ಪುಟ ತೆರೆಯಲು ಅವರಿಗೆ ಇಪ್ಪತ್ತು ನಿಮಿಷ ಬೇಕಿತ್ತು, ಹೀಗಾಗಿ ಅವರು ಬರುತ್ತಲೇ ಇರಲಿಲ್ಲ. ಹೊಸ ಪುಟ ಎರಡು ನಿಮಿಷದಲ್ಲಿ ತೆರೆಯಿತು, ಬಂದರು. ಅವರ ಎರಡು ನಿಮಿಷ ಲೆಕ್ಕಕ್ಕೆ ಸೇರಿದ್ದರಿಂದ ಸರಾಸರಿ ಏರಿತ್ತು.

ಇದನ್ನು ಓದಿದಾಗ ನನಗೆ ಹಾಜರಿ ಪುಸ್ತಕ ನೆನಪಾಯಿತು. ಶಾಲೆ ಬಿಟ್ಟ ಮಗುವಿನ ಹೆಸರನ್ನು ಪಟ್ಟಿಯಿಂದ ತೆಗೆದ ಮರುತಿಂಗಳು ಶೇಕಡಾವಾರು ಹಾಜರಿ ಏರುತ್ತದೆ! ನಾವು ಹೆಮ್ಮೆಯಿಂದ ವರದಿ ಬರೆಯುತ್ತಿದ್ದೆವು. ಗೌಳಿ ದೊಡ್ಡಿಯಿಂದ, ಸಿದ್ದಿಯರ ಕೇರಿಯಿಂದ ಕಾಡುದಾರಿ ನಡೆದು ಬರುತ್ತಿದ್ದು, ಒಂದು ಮಳೆಗಾಲದ ನಂತರ ಬರುವುದನ್ನೇ ನಿಲ್ಲಿಸಿದ ಮಕ್ಕಳು ಆ ಲೆಕ್ಕದಲ್ಲಿ ಇರುತ್ತಿರಲಿಲ್ಲ. ಭಾರದ ಪುಟವನ್ನು ಕಟ್ಟಿದವರೂ ಹೀಗೆಯೇ, ‘ನಮ್ಮಲ್ಲಿ ಯಾರೂ ದೂರಿಲ್ಲ’ ಎನ್ನುತ್ತಾರೆ. ದೂರು ಬರೆಯುವ ಪುಟವೂ ತೆರೆಯದಿದ್ದರೆ ದೂರುವುದು ಹೇಗೆ?

ನಮ್ಮ ರಾಜ್ಯದಲ್ಲಿ ಒಳ್ಳೆಯ ಮಾದರಿ ಇಲ್ಲದಿಲ್ಲ. 2000ದ ಸುಮಾರಿಗೆ ಆರಂಭವಾದ ‘ಭೂಮಿ’ ಯೋಜನೆಯಲ್ಲಿ ಸುಮಾರು ಎರಡು ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದರು. ತಾಲ್ಲೂಕು ಕಛೇರಿಯ ಕಿಟಕಿಯಲ್ಲಿ ಹದಿನೈದು ರೂಪಾಯಿ ಕೊಟ್ಟರೆ ಕನ್ನಡದಲ್ಲಿ ಮುದ್ರಿತ ಪ್ರತಿ ಕೈಗೆ ಬರುತ್ತಿತ್ತು. ಸೊಸೈಟಿಯ ಸಾಲಕ್ಕೆ ಪಹಣಿಯೇ ಆಧಾರವಾದ ನಮ್ಮ ಅಡಿಕೆ ಬೆಳೆಗಾರರಿಗೆ ಅದರ ಬೆಲೆ ಗೊತ್ತು. ಆ ವ್ಯವಸ್ಥೆಯಲ್ಲಿ ಯಂತ್ರದ ಭಾರವೆಲ್ಲ ಕಛೇರಿಯ ಮೇಲಿತ್ತು. ರೈತನು ಹೊರಬೇಕಾದದ್ದು ಒಂದು ಹಾಳೆ ಮಾತ್ರ. ಇಂದು ಕಛೇರಿಗೆ ಅಲೆಯುವುದು ತಪ್ಪಿತೆಂಬುದು ನಿಜವಾದ ಉಪಕಾರವೇ. ಆದರೆ ಕಛೇರಿಯ ಯಂತ್ರ ಮಾಡುತ್ತಿದ್ದ ಕೆಲಸವನ್ನು ರೈತನ ಕಿಸೆಯ ಫೋನಿನ ಮೇಲೆ ಹೇರಿದಾಗ, ಆ ಫೋನು ಎಂತಹುದೆಂದು ಯಾರಾದರೂ ನೋಡಿದ್ದಾರೆಯೇ?

2020ರಲ್ಲಿ ಶಾಲೆಗಳು ಮುಚ್ಚಿದಾಗ ಈ ಪ್ರಶ್ನೆ ಎಲ್ಲರ ಕಣ್ಣಿಗೂ ಬಿತ್ತು. ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿದರು. ಮಳೆಯಲ್ಲಿ ಪ್ಲಾಸ್ಟಿಕ್ ಹೊದಿಕೆಯ ಕೆಳಗೆ ಕುಳಿತರು. ಕೊನೆಗೆ ನೆರವಿಗೆ ಬಂದುದು ಹಗುರವಾದ ದಾರಿಗಳೇ: ದೂರದರ್ಶನದ ಚಂದನ ವಾಹಿನಿಯ ಪಾಠ, ‘ವಿದ್ಯಾಗಮ’ದ ಹೆಸರಿನಲ್ಲಿ ಊರೂರಿಗೆ ಹೋಗಿ ದೇವಸ್ಥಾನದ ಕಟ್ಟೆಯ ಮೇಲೆ ಕಲಿಸಿದ ಮಾಸ್ತರರು, ಅಕ್ಕೋರುಗಳು.

‘ಗೋಪುರಗಳು ಹೆಚ್ಚಲಿ, ವೇಗ ತಾನಾಗಿ ಬರುತ್ತದೆ’ ಎನ್ನುವವರಿದ್ದಾರೆ. ಗೋಪುರ ಬೇಕು, ನಿಜ. ಆದರೆ ನಿಕ್ಲಾಸ್ ವಿರ್ತ್ ಎಂಬ ಗಣಕ ವಿಜ್ಞಾನಿ 1995ರಲ್ಲಿಯೇ ಎಚ್ಚರಿಸಿದ್ದರು: ಯಂತ್ರಗಳು ಚುರುಕಾಗುವುದಕ್ಕಿಂತ ಬೇಗ ತಂತ್ರಾಂಶಗಳು ಸ್ಥೂಲವಾಗುತ್ತಿವೆ ಎಂದು. ಘಟ್ಟದ ರಸ್ತೆ ಅಗಲವಾದಾಗ ನಾವು ಕಂಡದ್ದೂ ಅದೇ. ಬಸ್ಸು ಬೇಗ ಬಂದೀತೆಂದುಕೊಂಡೆವು. ಮೊದಲು ಬಂದುದು ಹದಿನಾರು ಗಾಲಿಯ ಲಾರಿ.

ನಿಮ್ಮಲ್ಲಿ ಎಷ್ಟೋ ಜನ ಇಂದು ಬೆಂಗಳೂರಿನಲ್ಲಿ, ಪುಣೆಯಲ್ಲಿ, ಅಮೆರಿಕದಲ್ಲಿ ಇಂತಹ ಪುಟಗಳನ್ನು ಕಟ್ಟುವ ಕೆಲಸದಲ್ಲಿಯೇ ಇದ್ದೀರಿ. ನನಗೆ ಅಭಿಮಾನವಿದೆ. ಹಳೆಯ ಮಾಸ್ತರನ ಅಧಿಕಾರದಿಂದ ನಿಮಗೊಂದು ಮನೆಕೆಲಸ ಕೊಡುತ್ತೇನೆ. ಮುಂದಿನ ಸಲ ಊರಿಗೆ ಬಂದಾಗ, ಸಾಧ್ಯವಾದರೆ ಮಳೆಗಾಲದಲ್ಲಿಯೇ ಬನ್ನಿ. ನಿಮ್ಮ ಫೋನನ್ನು ಒಳಗಿಟ್ಟು, ನಿಮ್ಮ ಅಮ್ಮನ ಫೋನು ತೆಗೆದುಕೊಳ್ಳಿ. ಸಂಕೇತ ಸಿಗುವ ಅಂಗಳದ ಮೂಲೆಗೆ ಹೋಗಿ, ಒಂದು ಕೈಯಲ್ಲಿ ಕೊಡೆ ಹಿಡಿದು, ನೀವು ಕಟ್ಟಿದ ಪುಟವನ್ನು ತೆರೆಯಿರಿ. ಅದರ ಕೆಲಸ ಮುಗಿಯುವವರೆಗೆ ಅಲ್ಲಿಯೇ ನಿಲ್ಲಿ. ಏನಾಯಿತೆಂದು ನನಗೆ ಬರೆದು ತಿಳಿಸಿ.

ಆ ಹುಡುಗಿಯ ವಿಚಾರ ಹೇಳದಿದ್ದರೆ ನೀವು ಕೇಳದೆ ಬಿಡುವವರಲ್ಲ. ಆ ವರ್ಷದ ವಿದ್ಯಾರ್ಥಿವೇತನ ತಪ್ಪಿತು. ಅವಳ ತಂದೆ ಹಸಿ ಅಡಿಕೆಯನ್ನು ಕೊಯ್ಲಿಗೆ ಮುಂಚೆಯೇ ಕಡಿಮೆ ದರಕ್ಕೆ ಒಪ್ಪಿಸಿ ಶುಲ್ಕ ತುಂಬಿದ. ಮರುವರ್ಷ ನಾವು ಅರ್ಜಿ ಕರೆದ ಮೊದಲ ದಿನವೇ, ಬೆಳಗಿನ ಜಾವ ನಾಲ್ಕು ಗಂಟೆಗೆ ಎದ್ದು ಕುಳಿತೆವು. ಆ ಹೊತ್ತಿನಲ್ಲಿ ದಾರಿ ಖಾಲಿ. ಅರ್ಜಿ ಹೋಯಿತು, ವೇತನವೂ ಬಂತು. ಅವಳೀಗ ಗಣಕ ವಿಜ್ಞಾನವನ್ನೇ ಓದುತ್ತಿದ್ದಾಳೆ. ಅಂದು ರಾತ್ರಿ ತಪ್ಪು ನಿನ್ನದಲ್ಲ ಎಂದು ಅವಳಿಗೆ ಹೇಳಿದ್ದೆ. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಈ ಬರಹವನ್ನು ಅವಳೂ ಓದುತ್ತಾಳೆ. ಆದ್ದರಿಂದ ಇನ್ನೊಮ್ಮೆ ಹೇಳುತ್ತೇನೆ: ತಪ್ಪು ನಿನ್ನದಾಗಿರಲಿಲ್ಲ, ಮಗೂ.

ನಿಮ್ಮ ಮಾಸ್ತರ,
ಯಲ್ಲಾಪುರ